ಜನನ ಪ್ರಮಾಣಪತ್ರವಿಲ್ಲದ ಹಿರಿಯರಿಗೆ ಪಾಸ್‌ಪೋರ್ಟ್

ನಮ್ಮ ಅತ್ತೆಯವರು ಹುಟ್ಟಿದ್ದು ತುರುವೇಕೆರೆ ಕಡೆಯ ಹಳ್ಳಿಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಜನನ ಪ್ರಮಾಣಪತ್ರ ಎಲ್ಲಿಂದ ಬರಬೇಕು? ಮಾಡಿಸಿಕೊಡುತ್ತೇನೆಂದು ಒಬ್ಬ ದಲ್ಲಾಳಿ ಎಂಟು ಸಾವಿರ ಕೇಳಿದ. ಅಂಥವರಿಗೆ ಬಿಡಿಗಾಸೂ ಕೊಡಬೇಡಿ. 2023ರ ಅಕ್ಟೋಬರ್ 1ಕ್ಕಿಂತ ಮೊದಲು ಹುಟ್ಟಿದವರಿಗೆ ಅದು ಕಡ್ಡಾಯವಲ್ಲ. ಪ್ಯಾನ್ ಕಾರ್ಡ್, ಶಾಲೆಯ ವರ್ಗಾವಣೆ ಪತ್ರ, ಚಾಲನಾ ಪರವಾನಗಿ, ಎಲ್‌ಐಸಿ ಪಾಲಿಸಿ ಬಾಂಡ್, ಸರ್ಕಾರಿ ನಿವೃತ್ತರಾದರೆ ಪಿಂಚಣಿ ಆದೇಶ, ಇವುಗಳಲ್ಲಿ ಜನ್ಮದಿನಾಂಕವಿರುವ ಒಂದು ಸಾಕು. ಮತದಾರರ ಗುರುತಿನ ಚೀಟಿಯೂ ಆಗುತ್ತದೆ. ಆದರೆ ಹಳೆಯದರಲ್ಲಿ ಬರೀ ವಯಸ್ಸು ಇರುತ್ತದೆ, ಅದನ್ನು ನೆಚ್ಚಿಕೊಳ್ಳಬೇಡಿ.

ನಮಗೆ ತೊಡಕಾದದ್ದು ಹೆಸರು. ಪ್ಯಾನ್‌ನಲ್ಲಿ ಕೊನೆಗೆ ‘ಅಮ್ಮ’, ಆಧಾರ್‌ನಲ್ಲಿ ‘ದೇವಿ’! ಮೊದಲು ಆಧಾರ್ ತಿದ್ದಿಸಿ, ಆಮೇಲೆ ಲಾಲ್‌ಬಾಗ್ ರಸ್ತೆಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಸಮಯ ಕಾದಿರಿಸಿದೆವು. ಮೂಲ ದಾಖಲೆಗಳನ್ನೇ ಒಯ್ಯಿರಿ. ಅರವತ್ತು ದಾಟಿದವರ ಹೊಸ ಅರ್ಜಿಗೆ ಶುಲ್ಕದಲ್ಲಿ ಶೇ. 10 ರಿಯಾಯಿತಿ ಇದೆ.

ಜೀವಮಾನವಿಡೀ ಪಾತ್ರೆ ತಿಕ್ಕಿದ ಬೆರಳುಗಳ ಗೆರೆ ಸವೆದಿರುತ್ತದೆ. ಒದ್ದೆ ಕರವಸ್ತ್ರದಿಂದ ಒರೆಸಿ ಮೂರು ಸಲ ಒತ್ತಿದ ಮೇಲೆ ಅತ್ತೆಯವರ ಬೆರಳಚ್ಚು ಮೂಡಿತು. ಪೊಲೀಸ್ ಪರಿಶೀಲನೆ ಮುಗಿಯುವವರೆಗೆ ಅವರನ್ನು ಊರಿಗೆ ಕಳುಹಿಸಬೇಡಿ.