ಸಾಕುಹಾವು ಕಚ್ಚುತ್ತಿದ್ದರೆ: ಊಟ ಹಾಕುವುದು ಹೇಗೆ, ಎತ್ತುವುದು ಹೇಗೆ

ಮನೆಯಲ್ಲಿ ಸಾಕಿದ ಹಾವು ಕಚ್ಚುವುದಕ್ಕೆ ಸಾಮಾನ್ಯವಾಗಿ ಎರಡೇ ಕಾರಣ: ಹಸಿವು, ಇಲ್ಲವೇ ಭಯ. ಕೈಯನ್ನು ಊಟವೆಂದು ತಿಳಿದು ಹಿಡಿದ ಹಾವು ಸುಲಭಕ್ಕೆ ಬಿಡುವುದಿಲ್ಲ, ಬಾಯಿ ಹಾಕಿದ ಕೂಡಲೇ ಮೈಯನ್ನೂ ಸುತ್ತಿಕೊಳ್ಳುತ್ತದೆ. ಹೆದರಿದ ಹಾವು ಹಾಗಲ್ಲ. ಚಕ್ಕನೆ ಕಚ್ಚಿ ಬಿಟ್ಟು, ಹಿಂದೆ ಸರಿದು, ಕತ್ತು ಮಡಚಿಕೊಂಡು ಬುಸುಗುಟ್ಟುತ್ತದೆ. ನಿಮ್ಮದು ಯಾವುದು ಎಂದು ಮೊದಲು ಗುರುತಿಸಿ, ಏಕೆಂದರೆ ಮದ್ದು ಬೇರೆ ಬೇರೆ. ಹಸಿದು ಕಚ್ಚುವ ಹಾವಿಗೆ ಊಟದ ಹೊತ್ತನ್ನೂ ಎತ್ತುವ ಹೊತ್ತನ್ನೂ ಬೇರೆ ಮಾಡಿಕೊಡಬೇಕು. ಹೆದರಿ ಕಚ್ಚುವುದಕ್ಕೆ ಬೇಕಿರುವುದು ಅಡಗುವ ಜಾಗ ಮತ್ತು ಸಮಯ.

ಇಲ್ಲಿ ಹೇಳುವುದು ಬೆಂಗಳೂರಿನ ಮನೆಗಳಲ್ಲಿ ಕಾಣುವ ಬಾಲ್ ಪೈಥಾನ್ ಕುರಿತು. ಆಫ್ರಿಕಾ ಮೂಲದ್ದು, ವಿಷವಿಲ್ಲ, ಬೆಳೆದರೆ ಮೂರರಿಂದ ಐದು ಅಡಿ. ಇದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿರಬೇಕು. ನಮ್ಮ ಕೇರೆ, ಹೆಬ್ಬಾವು, ಮಣ್ಣುಮುಕ್ಕ ಯಾವುದನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಇನ್ನೊಂದು ಎಚ್ಚರಿಕೆ: ಕಾಂಪೌಂಡಿನಲ್ಲಿ ಕಂಡ ಮಚ್ಚೆಹಾವು ‘ಯಾರದೋ ಮನೆಯ ಪೈಥಾನ್’ ಎಂದು ಕೈ ಹಾಕಬೇಡಿ. ಕೊಳಕು ಮಂಡಲವನ್ನು ಹೆಬ್ಬಾವಿನ ಮರಿ ಎಂದುಕೊಂಡು ಹಿಡಿಯಲು ಹೋಗಿ ಕಡಿಸಿಕೊಂಡವರಿದ್ದಾರೆ.

ಊಟಕ್ಕೆ ಮೊದಲು ಗೂಡಿನ ಶಾಖ

ಹಾವಿಗೆ ಮೈಯ ಬಿಸಿ ಹೊರಗಿನಿಂದಲೇ ಬರಬೇಕು. ಗೂಡಿನ ಒಂದು ತುದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25ರಿಂದ 27 ಇರಲಿ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನಮ್ಮೂರಿನ ತಾಪಮಾನ 15–16ಕ್ಕೆ ಇಳಿಯುವುದರಿಂದ ಹೀಟ್ ಮ್ಯಾಟ್ ಬೇಕೇ ಬೇಕು, ಅದಕ್ಕೆ ಶಾಖ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಕಡ್ಡಾಯ. ಥರ್ಮೋಸ್ಟಾಟ್ ಇಲ್ಲದ ಮ್ಯಾಟ್ ಹಾವಿನ ಹೊಟ್ಟೆ ಸುಡುತ್ತದೆ. ತಣ್ಣಗಿದ್ದಾಗ ತಿಂದರೆ ಇಲಿ ಹೊಟ್ಟೆಯಲ್ಲೇ ಕೊಳೆತು, ಎರಡು ಮೂರು ದಿನದಲ್ಲಿ ಹಾವು ಅದನ್ನು ಕಕ್ಕುತ್ತದೆ. ಕರೆಂಟ್ ಹೋಗಿ ಗೂಡು ಆರಿದ್ದರೆ ಆ ದಿನ ಊಟ ಬೇಡ.

ಎರಡೂ ತುದಿಗೆ ಒಂದೊಂದು ಅಡಗುಗೂಡು ಇಡಿ. ಹಾವು ಸುರುಳಿ ಸುತ್ತಿ ಕೂತರೆ ಮೈ ಗೋಡೆಗೆ ತಾಗುವಷ್ಟು ಇಕ್ಕಟ್ಟಾಗಿರಲಿ. ಹೆದರಿ ಕಚ್ಚುವ ಹಾವುಗಳಲ್ಲಿ ಎಷ್ಟೋ ಇಷ್ಟರಲ್ಲೇ ತಣ್ಣಗಾಗುತ್ತವೆ.

ಎಷ್ಟು, ಯಾವಾಗ

ಅಡುಗೆಮನೆಯ ತಕ್ಕಡಿಯಲ್ಲಿ ಡಬ್ಬದ ಸಮೇತ ಹಾವನ್ನು ತೂಗಿ, ಡಬ್ಬದ ತೂಕ ಕಳೆಯಿರಿ. ಮರಿಗೆ ಅದರ ತೂಕದ ಶೇ 10ರಿಂದ 15ರಷ್ಟು ತೂಗುವ ಇಲಿ, ವಾರಕ್ಕೊಮ್ಮೆ. 500 ಗ್ರಾಂ ದಾಟಿದ ಹಾವಿಗೆ ಸುಮಾರು 50 ಗ್ರಾಂನ ಇಲಿ, ಹತ್ತು–ಹದಿನಾಲ್ಕು ದಿನಕ್ಕೊಮ್ಮೆ. ಒಂದೂವರೆ ಕಿಲೋ ತೂಗುವ ದೊಡ್ಡ ಹಾವಿಗೆ 75 ಗ್ರಾಂನ ಇಲಿ ಮೂರು ನಾಲ್ಕು ವಾರಕ್ಕೊಂದು ಸಾಕು. ಕಣ್ಣಳತೆ ಬೇಕಿದ್ದರೆ, ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಇಲಿ ದಪ್ಪವಿರಬಾರದು.

ಹಾಲು, ಕೋಳಿ ತುಂಡು ಇವು ಯಾವುವೂ ಅದರ ಆಹಾರವಲ್ಲ. ನಾಗರಪಂಚಮಿಗೆ ಬಂದ ನೆಂಟರು ಎಷ್ಟೇ ಒತ್ತಾಯ ಮಾಡಿದರೂ ಹಾಲು ಬೇಡ. ಮೂಳೆ, ಕರುಳು ಸಮೇತ ಇಡೀ ಇಲಿಯೇ ಆಗಬೇಕು, ಸುಣ್ಣದ ಅಂಶ ಅದರಿಂದಲೇ ಸಿಗುವುದು. ಮನೆಯ ಬೋನಿಗೆ ಬಿದ್ದ ಇಲಿ ಎಂದಿಗೂ ಬೇಡ. ಪಕ್ಕದ ಮನೆಯವರ ಪಾಷಾಣ ತಿಂದ ಇಲಿ ಅದಾಗಿದ್ದರೆ ಹಾವೂ ಸಾಯುತ್ತದೆ. ಜೀವಂತ ಇಲಿ ಬಿಟ್ಟರೆ ಅದೇ ತಿರುಗಿ ಹಾವಿನ ಕಣ್ಣು, ಬೆನ್ನು ಕಚ್ಚಬಹುದು. ಸಾಕಣೆಯಲ್ಲಿ ಬೆಳೆದು, ಹೆಪ್ಪುಗಟ್ಟಿಸಿದ್ದನ್ನೇ ತನ್ನಿ. ಅಡುಗೆಯ ಫ್ರಿಜ್ಜಿನಲ್ಲಿ ಇಲಿ ಇಡುವ ಮಾತೆತ್ತಿದರೆ ಮನೆಯಲ್ಲಿ ಯುದ್ಧವೇ ಆಗುವುದು ನ್ಯಾಯ. ಹಾವು ತರುವ ಮೊದಲೇ ಚಿಕ್ಕದೊಂದು ಫ್ರೀಜರ್‌ಗೆ ದುಡ್ಡು ತೆಗೆದಿಡಿ.

ಊಟ ಹಾಕುವ ಕ್ರಮ

ಹಿಂದಿನ ರಾತ್ರಿಯೇ ಇಲಿಯನ್ನು ಫ್ರೀಜರ್‌ನಿಂದ ತೆಗೆದು, ಮುಚ್ಚಿದ ಡಬ್ಬದಲ್ಲಿ ಫ್ರಿಜ್ಜಿನ ಕೆಳಭಾಗದಲ್ಲಿಡಿ. ಮರುದಿನ ಸಂಜೆ ಜಿಪ್ ಕವರಿಗೆ ಹಾಕಿ, ಬಿಸಿನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಮುಳುಗಿಸಿಡಿ. ಹೊಟ್ಟೆ ಒತ್ತಿ ನೋಡಿ: ಒಳಗೆ ಗಟ್ಟಿ ಇದ್ದರೆ ಇನ್ನೂ ಕರಗಿಲ್ಲ. ಮೇಲ್ಮೈ 38 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಮೈಕ್ರೋವೇವ್ ಬೇಡ, ಒಂದು ಕಡೆ ಬೆಂದು ಹೊಟ್ಟೆ ಒಡೆಯುತ್ತದೆ.

ಕೈಗೆ ಕಚ್ಚು ಬೀಳುವುದು ಹೆಚ್ಚಾಗಿ ಇಲ್ಲಿಂದ ಮುಂದೆ. ಪೈಥಾನ್‌ನ ತುಟಿಯಂಚಿನಲ್ಲಿ ಶಾಖ ಗ್ರಹಿಸುವ ಕುಳಿಗಳಿವೆ. ಇಲಿಯ ವಾಸನೆ ಮೂಗಿಗೆ ಬಿದ್ದ ಮೇಲೆ ಎದುರಿಗೆ ಬಿಸಿಯಾಗಿ ಅಲ್ಲಾಡುವುದೆಲ್ಲ ಅದಕ್ಕೆ ಊಟವೇ. ಇಲಿ ಆರಿಹೋಗಿ ಕೈ ಬಿಸಿಯಾಗಿದ್ದರೆ ಅದು ಆರಿಸಿಕೊಳ್ಳುವುದು ಕೈಯನ್ನು. ಆದ್ದರಿಂದ ಇಲಿ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆದು, ಕನಿಷ್ಠ ಒಂದಡಿ ಉದ್ದದ ಇಕ್ಕಳ ಹಿಡಿಯಿರಿ. ಇಲಿಯನ್ನು ಸೊಂಟದ ಹತ್ತಿರ ಹಿಡಿದು, ತಲೆ ಹಾವಿನ ಕಡೆಗಿರುವಂತೆ, ಅಡಗುಗೂಡಿನ ಬಾಯಿಂದ ಒಂದು ಗೇಣು ದೂರದಲ್ಲಿ ಮೆಲ್ಲಗೆ ಅಲ್ಲಾಡಿಸಿ. ಮುಖಕ್ಕೆ ತಿವಿದರೆ ಹೆದರಿ ಒಳಗೆ ಸೇರುತ್ತದೆ. ಎರಗಿದ ತಕ್ಷಣ ಇಕ್ಕಳ ಸಡಿಲಿಸಿ, ಮುಚ್ಚಳ ಹಾಕಿ, ದೀಪ ಆರಿಸಿ ಹೊರಡಿ. ಊಟಕ್ಕೆಂದು ಬೇರೆ ಡಬ್ಬಕ್ಕೆ ಸಾಗಿಸುವ ಪದ್ಧತಿಯಿಂದ ಉಪಯೋಗವಿಲ್ಲ. ತಿಂದು ಉದ್ರೇಕದಲ್ಲಿರುವ ಹಾವನ್ನು ವಾಪಸು ಎತ್ತುವಾಗಲೇ ಕಚ್ಚು ಬೀಳುತ್ತದೆ.

ಆಮೇಲೆ ಎರಡು ದಿನ ಮುಟ್ಟಬೇಡಿ. ಕಕ್ಕಿಬಿಟ್ಟರೆ ಹತ್ತರಿಂದ ಹದಿನಾಲ್ಕು ದಿನ ಹೊಟ್ಟೆಗೆ ಬಿಡುವು ಕೊಟ್ಟು, ಮುಂದಿನ ಸಲ ಅರ್ಧ ಗಾತ್ರದ ಇಲಿ ಹಾಕಿ. ಚಳಿಗಾಲದಲ್ಲಿ ವಾರಗಟ್ಟಲೆ ಊಟ ಬಿಡುವುದು ಈ ಜಾತಿಗೆ ಸಹಜ. ತೂಕ ಶೇ 10ರಷ್ಟು ಇಳಿದರೆ ಮಾತ್ರ ಸರೀಸೃಪ ನೋಡುವ ಪಶುವೈದ್ಯರ ಬಳಿ ಹೋಗಿ.

ಎತ್ತುವುದು

ಹೊಸದಾಗಿ ತಂದ ಹಾವನ್ನು ವಾರ, ಹತ್ತು ದಿನ ಹಾಗೇ ಬಿಡಿ. ಪೊರೆ ಬಿಡುವ ಮುನ್ನ ಕಣ್ಣು ನೀಲಿಯಾಗಿ ಮಬ್ಬಾಗುತ್ತದೆ, ಸರಿಯಾಗಿ ಕಾಣದೆ ಸಿಕ್ಕಿದ್ದಕ್ಕೆಲ್ಲ ಎರಗುತ್ತದೆ. ಪೊರೆ ಪೂರ್ತಿ ಕಳಚುವವರೆಗೆ ಕೈ ಹಾಕಬೇಡಿ. ಮಾರ್ಚ್, ಏಪ್ರಿಲ್‌ನ ಒಣಹವೆಗೆ ಪೊರೆ ತುಂಡಾಗಿ ಅಂಟಿಕೊಳ್ಳುವುದುಂಟು. ಒದ್ದೆ ಪಾಚಿ ತುಂಬಿದ ಡಬ್ಬವೊಂದನ್ನು ಗೂಡಿನೊಳಗಿಟ್ಟು, ತೇವಾಂಶ ಶೇ 60ರ ಮೇಲಿರುವಂತೆ ನೋಡಿಕೊಳ್ಳಿ.

ಎತ್ತುವುದು ಹಗಲಲ್ಲಿ, ಊಟ ರಾತ್ರಿ: ಈ ಭೇದ ಹಾವಿಗೆ ರೂಢಿಯಾಗಲಿ. ಗೂಡು ತೆರೆದ ಕೂಡಲೇ ಉದ್ದನೆಯ ಕೊಕ್ಕೆಯಿಂದ ಅದರ ನಡುಮೈಯನ್ನು ಮೆಲ್ಲಗೆ ಎರಡು ಸಲ ತಟ್ಟಿ. ಊಟದ ದಿನ ತಟ್ಟಬೇಡಿ. ಕೆಲವು ವಾರ ತಪ್ಪದೆ ಹೀಗೆ ಮಾಡಿದರೆ ಕೊಕ್ಕೆ ತಾಗಿದ ದಿನ ಇಲಿ ಇಲ್ಲ ಎಂಬುದು ಅದಕ್ಕೆ ಅಭ್ಯಾಸವಾಗುತ್ತದೆ. ಕತ್ತು ಮಡಚಿದ್ದು ಸಡಿಲಾಗಿ, ನಾಲಿಗೆ ನಿಧಾನಕ್ಕೆ ಆಡಿಸತೊಡಗಿದ ಮೇಲೆ ಪಕ್ಕದಿಂದ ಕೈ ತನ್ನಿ. ಮೇಲಿನಿಂದ ಇಳಿಯುವ ಕೈ ಅದಕ್ಕೆ ಹದ್ದು. ನಡುಮೈಗೆ ಒಂದು ಕೈ, ಹಿಂಭಾಗಕ್ಕೆ ಇನ್ನೊಂದು. ತಲೆ ಹಿಡಿಯುವುದು, ಬಾಲ ಎಳೆಯುವುದು ಕೂಡದು. ನೆಲದ ಮೇಲೆ ಕೂತು ಎತ್ತಿದರೆ ಬಿದ್ದರೂ ಪೆಟ್ಟಾಗುವುದಿಲ್ಲ. ಮೊದಲು ಐದು ನಿಮಿಷ, ವಾರಕ್ಕೆರಡು ಸಲ ಸಾಕು. ಕಚ್ಚುವ ಭಯಕ್ಕೆ ಕೈ ನಡುಗುತ್ತಿದ್ದರೆ ಆರಂಭದಲ್ಲಿ ಚರ್ಮದ ಗ್ಲೌಸ್ ಹಾಕಿಕೊಳ್ಳಿ, ತಪ್ಪೇನಿಲ್ಲ.

ಕಚ್ಚಿಯೇಬಿಟ್ಟರೆ

ಎಳೆಯಬೇಡಿ. ಹಲ್ಲುಗಳು ಗಂಟಲಿನ ಕಡೆಗೆ ಬಾಗಿವೆ, ಎಳೆದಷ್ಟೂ ನಿಮ್ಮ ಚರ್ಮ ಸೀಳುತ್ತದೆ, ಅದರ ಹಲ್ಲು ಮುರಿಯುತ್ತದೆ. ಅಲ್ಲಾಡದೆ ನಿಂತರೆ ಎಷ್ಟೋ ಸಲ ತಾನೇ ಬಿಡುತ್ತದೆ. ಬಿಡದಿದ್ದರೆ ನಲ್ಲಿಯ ತಣ್ಣೀರು ಬಾಯಿಯ ಮೇಲೆ ಹರಿಯಲಿ. ಸುತ್ತಿದ ಮೈಯನ್ನು ಬಾಲದ ಕಡೆಯಿಂದ ಬಿಡಿಸುತ್ತ ಬನ್ನಿ. ಆಮೇಲೆ ಗಾಯವನ್ನು ಸೋಪು, ಹರಿಯುವ ನೀರಿನಲ್ಲಿ ಐದು ನಿಮಿಷ ತೊಳೆದು ಆಂಟಿಸೆಪ್ಟಿಕ್ ಹಚ್ಚಿ. ಟಿಟಿ ಚುಚ್ಚುಮದ್ದು ಹಳೆಯದಾಗಿದ್ದರೆ ಹಾಕಿಸಿ. ಕೆಂಪಾಗಿ ಊದಿದರೆ, ಹಲ್ಲಿನ ಚೂರು ಒಳಗುಳಿದಿದ್ದರೆ ವೈದ್ಯರಿಗೆ ತೋರಿಸಿ, ಹಾವಿನ ಜಾತಿ ಸ್ಪಷ್ಟವಾಗಿ ಹೇಳಿ. ಬಾಲ್ ಪೈಥಾನ್ ಕಚ್ಚಿದ್ದಕ್ಕೆ ವಿಷದ ಪ್ರತಿಮದ್ದು ಬೇಕಾಗುವುದಿಲ್ಲ. ಕಚ್ಚಿದ್ದು ಅದೇ ಹೌದೋ ಅಲ್ಲವೋ ಎಂಬ ಸಣ್ಣ ಅನುಮಾನವಿದ್ದರೂ ತಡ ಮಾಡದೆ 108ಕ್ಕೆ ಕರೆ ಮಾಡಿ.

ಮರುದಿನದಿಂದ ಹಾವಿನ ಬಾಯಿಯನ್ನೂ ಗಮನಿಸಿ. ಒಸಡು ಕೆಂಪಾಗಿ, ಕೀವಿನಂತೆ ಬಿಳಿ ಕಟ್ಟಿದ್ದರೆ ಮುರಿದ ಹಲ್ಲಿನ ಜಾಗ ಸೋಂಕಾಗಿದೆ. ಅದಕ್ಕೆ ಮನೆಮದ್ದಿಲ್ಲ, ಪಶುವೈದ್ಯರೇ ಆಗಬೇಕು.