ಕರೆ ಯಾರದ್ದೇ ಇರಲಿ, ಮೊದಲು ಇಟ್ಟುಬಿಡುತ್ತೇನೆ

ಮನೆಯಲ್ಲಿ ಯಾರಿಗೆ ಅನುಮಾನದ ಮೆಸೇಜ್ ಬಂದರೂ ಅದು ಕೊನೆಗೆ ನನ್ನ ಫೋನಿಗೇ ಫಾರ್ವರ್ಡ್ ಆಗುತ್ತದೆ. "ಇದು ನಿಜಾನಾ ನೋಡು" ಅಂತ. ಕೆಲಸದ ಜಾಗದಲ್ಲೂ ಬಿಲ್ಲು, ಪಾವತಿ ನೋಡಿಕೊಳ್ಳುವವಳು ನಾನೇ. ಹಾಗಾಗಿ ಅಲ್ಲಿನವೂ ನನ್ನ ತಲೆಗೇ. ವರ್ಷಗಟ್ಟಲೆ ಇವನ್ನೆಲ್ಲ ನೋಡಿ ನೋಡಿ ನನಗೆ ಅನ್ನಿಸಿದ್ದು ಇಷ್ಟು: ನಿಜ ಯಾವುದು, ಮೋಸ ಯಾವುದು ಅಂತ ಮುಖ ನೋಡಿ ಗುರುತಿಸುತ್ತೇನೆ ಎಂಬ ಧೈರ್ಯ ಬೇಡ. ಚೆನ್ನಾಗಿ ತಯಾರಾದ ಮೋಸದ ಮೆಸೇಜ್ ಎಷ್ಟೋ ಸಲ ಅಸಲಿಗಿಂತ ನೀಟಾಗಿರುತ್ತದೆ. ಅದಕ್ಕೇ ನಾನು ಪತ್ತೇದಾರಿ ಕೆಲಸ ಬಿಟ್ಟೆ. ದುಡ್ಡು, ಪಾಸ್‌ವರ್ಡ್, ಒಟಿಪಿ, ಈ ಮೂರರಲ್ಲಿ ಯಾವುದರ ಮಾತು ಬಂದರೂ ಬಂದ ದಾರಿಯಲ್ಲೇ ಉತ್ತರ ಕೊಡುವುದಿಲ್ಲ. ಫೋನ್ ಬಂದಿದ್ದರೆ ಇಡುತ್ತೇನೆ, ಲಿಂಕ್ ಬಂದಿದ್ದರೆ ಒತ್ತುವುದಿಲ್ಲ. ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೆ ನಾನೇ ಫೋನ್ ಮಾಡುತ್ತೇನೆ, ಇಲ್ಲವೇ ಫೋನಲ್ಲಿ ಮೊದಲೇ ಇರುವ ಆ್ಯಪ್ ತೆರೆದು ನೋಡುತ್ತೇನೆ. ನಿಜವಾದ ವಿಷಯವಾಗಿದ್ದರೆ ಅಲ್ಲೂ ಕಾಣಿಸುತ್ತದೆ, ಅಲ್ವಾ?

ಇಷ್ಟು ಹಠ ಯಾಕೆ ಅಂದರೆ, ಸ್ಕ್ರೀನ್ ಮೇಲೆ ಕಾಣುವ ನಂಬರನ್ನೇ ನಂಬುವ ಹಾಗಿಲ್ಲ. ಆ ಕಡೆಯಿಂದ ಯಾವ ನಂಬರ್ ಕಳಿಸುತ್ತಾರೋ ನಮ್ಮ ಫೋನ್ ಅದನ್ನೇ ತೋರಿಸುತ್ತದೆ. ಇಂಟರ್ನೆಟ್ ಮೂಲಕ ಹೋಗುವ ಕರೆಗಳಲ್ಲಿ ಅಲ್ಲಿ ಬೇರೆ ಯಾರದ್ದೋ ನಂಬರ್ ತುಂಬಿಸುವುದು ಕಷ್ಟವಲ್ಲ. ಲಕೋಟೆಯ ಮೇಲೆ 'ಇಂದ' ಅನ್ನುವ ಜಾಗದಲ್ಲಿ ಯಾರ ಹೆಸರು ಬೇಕಾದರೂ ಬರೆದ ಹಾಗೆ. ಎಸ್ಸೆಮ್ಮೆಸ್ಸಿನಲ್ಲಿ ಇದು ಇನ್ನೂ ಅಪಾಯ. ಕಳಿಸುವವರ ಹೆಸರನ್ನು ನಕಲು ಮಾಡಲು ಸಾಧ್ಯವಾದ ಕಡೆಯೆಲ್ಲ, ನಕಲಿ ಮೆಸೇಜ್ ಬ್ಯಾಂಕಿನ ಅಸಲಿ ಮೆಸೇಜುಗಳ ಸಾಲಿನಲ್ಲೇ ಬಂದು ಕೂರುತ್ತದೆ. ಫೋನ್ ಹೆಸರು ನೋಡಿ ಒಂದೇ ಗುಂಪಿಗೆ ಸೇರಿಸುತ್ತದೆ ಅಷ್ಟೇ. ಮೇಲೆ ಹೋದ ತಿಂಗಳ ನಿಜವಾದ ಒಟಿಪಿ, ಕೆಳಗೆ ಇವತ್ತಿನ ಮೋಸ. ಇನ್ನು ಇಮೇಲ್. ಅದು ಓಡಾಡುವ ನಿಯಮ 1982ರದ್ದು. ಕಳಿಸಿದವರು ನಿಜವಾಗಿ ಅವರೇನಾ ಅಂತ ನೋಡುವ ವ್ಯವಸ್ಥೆ ಆಗ ಅದರಲ್ಲಿ ಇರಲೇ ಇಲ್ಲ, ಆಮೇಲೆ ಒಂದೊಂದಾಗಿ ತೇಪೆ ಹಾಕಿದರು.

ಒಂದು ಕರೆಯನ್ನು ವಿವರವಾಗಿ ಹೇಳುತ್ತೇನೆ. ಬೆಳಿಗ್ಗೆ ಕೆಲಸದ ಗಡಿಬಿಡಿಯಲ್ಲಿದ್ದೆ. ಆ ಕಡೆ ಒಬ್ಬರು ತುಂಬಾ ಮರ್ಯಾದೆಯಿಂದ, "ಮೇಡಂ, ನಿಮ್ಮ ಖಾತೆಯಿಂದ ಯಾರೋ ಹಣ ತೆಗೆಯಲು ಪ್ರಯತ್ನ ಮಾಡ್ತಿದ್ದಾರೆ, ನಾವು ತಡೆಹಿಡಿದಿದ್ದೀವಿ. ಇದು ನೀವೇ ಮಾಡಿದ್ದಾ?" ಅಂದರು. ಅಲ್ಲ ಅಂದೆ. "ಹಾಗಾದರೆ ಈಗಲೇ ಕ್ಯಾನ್ಸಲ್ ಮಾಡೋಣ, ದಯವಿಟ್ಟು ಲೈನಲ್ಲೇ ಇರಿ. ನಿಮ್ಮ ಕಾರ್ಡ್ ನಂಬರ್ ಹೀಗೆ ಶುರುವಾಗುತ್ತೆ ಅಲ್ವಾ" ಅಂತ ಮೊದಲ ಆರು ಅಂಕಿಗಳನ್ನು ಓದಿ ಹೇಳಿದರು. ಸರಿಯಾಗಿತ್ತು! ಯಾರಿಗಾದರೂ ನಂಬಿಕೆ ಬರುವುದು ಇಲ್ಲೇ. ಆದರೆ ಕಾರ್ಡಿನ ಆ ಮೊದಲ ಅಂಕಿಗಳು ನಮ್ಮವಲ್ಲ, ಬ್ಯಾಂಕಿನವು. ಅದೇ ಬ್ಯಾಂಕಿನ ಅದೇ ಬಗೆಯ ಕಾರ್ಡ್ ಇರುವ ಎಷ್ಟೋ ಜನಕ್ಕೆ ಅವೇ ಅಂಕಿಗಳು ಇರುತ್ತವೆ. ವೀಸಾ ಕಾರ್ಡುಗಳೆಲ್ಲ 4ರಿಂದಲೇ ಶುರು. ಕೊನೆಯ ನಾಲ್ಕು ಅಂಕಿ ಗೊತ್ತಿದ್ದರೂ ದೊಡ್ಡ ವಿಷಯವಲ್ಲ, ಅವು ರಸೀದಿಗಳಲ್ಲೇ ಅಚ್ಚಾಗಿರುತ್ತವೆ. ಹೆಸರು, ವಿಳಾಸ, ಹುಟ್ಟಿದ ದಿನ ಗೊತ್ತಿರುವುದೂ ಅಷ್ಟೇ. ಯಾವುದೋ ವೆಬ್‌ಸೈಟಿನಿಂದ ಯಾವತ್ತೋ ಸೋರಿರುತ್ತದೆ. ನಿಮ್ಮ ಇಮೇಲ್ ಹಾಗೆ ಸೋರಿದೆಯಾ ಅಂತ ನೋಡಲು ಟ್ರಾಯ್ ಹಂಟ್ ಎಂಬುವವರು 2013ರಲ್ಲಿ ಶುರು ಮಾಡಿದ 'ಹ್ಯಾವ್ ಐ ಬೀನ್ ಪೋನ್ಡ್' ಎಂಬ ತಾಣವಿದೆ. ಒಮ್ಮೆ ನೋಡಿ, ಅವನಿಗೆ ನನ್ನ ಬಗ್ಗೆ ಎಲ್ಲಾ ಗೊತ್ತಿದೆ ಅನ್ನೋ ಬೆರಗು ಆಮೇಲೆ ಉಳಿಯುವುದಿಲ್ಲ.

"ನಾನೇ ಬ್ಯಾಂಕಿಗೆ ಫೋನ್ ಮಾಡಿ ಕೇಳ್ತೀನಿ" ಅಂದೆ. ಅಲ್ಲಿಂದ ದನಿ ಬದಲಾಯಿತು. "ಅಷ್ಟರಲ್ಲಿ ಹಣ ಹೋದರೆ ನಾವು ಜವಾಬ್ದಾರರಲ್ಲ ಮೇಡಂ." ನಿಜವಾದ ಬ್ಯಾಂಕಿನವರು ಹೀಗೆ ಹೆದರಿಸಲು ಕಾರಣವೇ ಇಲ್ಲ. ನಾನು ಮತ್ತೆ ಫೋನ್ ಮಾಡಿದರೆ ಅವರಿಗೇನು ನಷ್ಟ? ಲೈನ್ ಬಿಡಬೇಡಿ, ಯಾರಿಗೂ ಹೇಳಬೇಡಿ, ಈಗಲೇ ಆಗಬೇಕು: ಈ ಮೂರರಲ್ಲಿ ಒಂದು ಕೇಳಿದರೂ ನನಗೆ ಸಾಕು. ನಂಬರ್, ದನಿ, ವೇಷ ಎಲ್ಲವನ್ನೂ ಬದಲಾಯಿಸಬಹುದು, ಇಂಥ ಕರೆಗಳಲ್ಲಿ ಇವನ್ನು ಮಾತ್ರ ಬಿಡಲಾರರು. ನಮಗೆ ಯೋಚನೆ ಮಾಡಲು ಸಮಯ ಸಿಕ್ಕರೆ ಅವರ ಕೆಲಸ ಕೆಟ್ಟಿತು. ಪೊಲೀಸ್ ಅಂತ ಹೇಳಿಕೊಂಡು ವಿಡಿಯೋ ಕರೆಯಲ್ಲಿ ಗಂಟೆಗಟ್ಟಲೆ ಕೂರಿಸುವವರದ್ದೂ ಇದೇ ಲೆಕ್ಕ.

ಒಟಿಪಿ ವಿಷಯದಲ್ಲಿ "ಯಾರಿಗೂ ಹೇಳಬೇಡಿ" ಅಂತ ಎಲ್ಲರೂ ಹೇಳುತ್ತಾರೆ, ಯಾಕೆ ಅಂತ ಹೇಳುವವರು ಕಡಿಮೆ. ನೀವು ಕೇಳದೆಯೇ ಒಟಿಪಿ ಬಂತು ಅಂದರೆ ಆ ಕಡೆ ಮೋಸಗಾರ ಆಗಲೇ ನಿಮ್ಮ ಕಾರ್ಡ್ ನಂಬರನ್ನೋ ಫೋನ್ ನಂಬರನ್ನೋ ಎಲ್ಲೋ ತುಂಬಿಸಿ ಕೊನೆಯ ಬಾಗಿಲಲ್ಲಿ ನಿಂತಿದ್ದಾನೆ ಅಂತ ಅರ್ಥ. ಆ ಮೆಸೇಜನ್ನು ಪೂರ್ತಿ ಓದುವುದು ನನ್ನ ಅಭ್ಯಾಸ. ಎಷ್ಟೋ ಸಲ ಮೊತ್ತ ಎಷ್ಟು, ಯಾರಿಗೆ ಅಂತ ಅದರಲ್ಲೇ ಬರೆದಿರುತ್ತದೆ. ಫೋನಲ್ಲಿ ಅವನು "ಇದು ಕ್ಯಾನ್ಸಲ್ ಮಾಡುವ ಕೋಡ್" ಅನ್ನುತ್ತಿರುತ್ತಾನೆ, ಮೆಸೇಜಿನಲ್ಲಿ 'ಪಾವತಿಗಾಗಿ' ಅಂತ ಇರುತ್ತದೆ. ನಾವು ಅಂಕಿ ಮಾತ್ರ ನೋಡುತ್ತೇವೆ, ಏನು ಮಾಡೋದು. ವಾಟ್ಸ್ಆ್ಯಪ್‌ನ ಆರಂಕಿ ಕೋಡೂ ಹೀಗೇ. ಗೆಳತಿಯ ನಂಬರಿನಿಂದಲೇ "ತಪ್ಪಿ ನಿನಗೆ ಕೋಡ್ ಕಳಿಸಿಬಿಟ್ಟೆ, ಸ್ವಲ್ಪ ಹೇಳ್ತೀಯಾ" ಅಂತ ಬಂದರೆ, ಆ ಗೆಳತಿಯ ಖಾತೆ ಆಗಲೇ ಬೇರೆಯವರ ಕೈಲಿದೆ. ನಿಮ್ಮ ವಾಟ್ಸ್ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಎರಡು ಹಂತದ ಪರಿಶೀಲನೆ ಅಂತಿದೆ. ಒಂದು ಪಿನ್ ಇಟ್ಟುಬಿಡಿ. ಆಗ ಕೋಡ್ ಒಂದೇ ಸಿಕ್ಕರೆ ಅವರಿಗೆ ಸಾಕಾಗುವುದಿಲ್ಲ.

ಲಿಂಕುಗಳನ್ನು ಓದುವುದು ಹೇಗೆ ಅಂತ ಮನೆಯಲ್ಲಿ ಹೇಳಿಕೊಡಲು ನನಗೆ ಸಾಕಷ್ಟು ಕಷ್ಟವಾಯಿತು. ನಾವೆಲ್ಲ ಎಡದಿಂದ ಓದುತ್ತೇವೆ, ಮೋಸಗಾರರಿಗೆ ಅದು ಗೊತ್ತು. 'ನಿಮ್ಮಬ್ಯಾಂಕ್ ಡಾಟ್ ಕಾಮ್ ಡಾಟ್ ಖಾತೆಅಪ್‌ಡೇಟ್ ಡಾಟ್ ಟಾಪ್' ಅಂತ ಇದ್ದರೆ ಕಣ್ಣಿಗೆ ಮೊದಲು ಬೀಳುವುದು ಬ್ಯಾಂಕಿನ ಹೆಸರು. ಆದರೆ ತಾಣದ ನಿಜವಾದ ಮಾಲೀಕ 'ಖಾತೆಅಪ್‌ಡೇಟ್ ಡಾಟ್ ಟಾಪ್'. ಶುರುವಿನ ಜೋಡಿ ಗೆರೆ (//) ಬಿಟ್ಟು ಮೊದಲ ಒಂಟಿ ಓರೆಗೆರೆ (/) ಎಲ್ಲಿದೆ ನೋಡಿ, ಅಲ್ಲಿಂದ ಎಡಕ್ಕೆ ಹಿಮ್ಮುಖವಾಗಿ ಓದಿ, ಆಗ ಗೊತ್ತಾಗುತ್ತದೆ. ವಿಳಾಸದ ಪಕ್ಕ ಬೀಗದ ಗುರುತು ಇದ್ದರೆ ಸುರಕ್ಷಿತ ಅನ್ನೋ ಮಾತು ಹಳೆಯದಾಯಿತು. ಬೀಗ ಹೇಳುವುದು ನಿಮ್ಮ ಮತ್ತು ಆ ತಾಣದ ನಡುವಿನ ಮಾತನ್ನು ಮೂರನೆಯವರು ಕದ್ದು ಕೇಳಲಾಗದು ಅಂತ. ಆ ಕಡೆ ಕೂತವನೇ ಕಳ್ಳನಾಗಿದ್ದರೆ? ಆ ಬೀಗ ತೋರಿಸಲು ಬೇಕಾದ ಪ್ರಮಾಣಪತ್ರ 2015ರ ಹೊತ್ತಿನಿಂದ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆ ಅಂತಲೇ ಕ್ರೋಮ್‌ನವರು 2023ರಲ್ಲಿ ವಿಳಾಸದ ಪಕ್ಕದಿಂದ ಬೀಗದ ಚಿತ್ರ ತೆಗೆದುಹಾಕಿದರು.

ಇಷ್ಟೆಲ್ಲ ಓದಲು ಬಂದರೂ ಕಣ್ಣು ಸೋಲುತ್ತದೆ. 2017ರಲ್ಲಿ ಒಬ್ಬ ಸಂಶೋಧಕ ರಷ್ಯನ್ ಲಿಪಿಯ ಅಕ್ಷರಗಳನ್ನೇ ಬಳಸಿ ಆಪಲ್ ಕಂಪನಿಯ ವಿಳಾಸದ ಹಾಗೇ ಕಾಣುವ ತಾಣ ಮಾಡಿ ತೋರಿಸಿದ್ದ, ಕೆಲವು ಬ್ರೌಸರುಗಳಲ್ಲಿ ಎರಡಕ್ಕೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಅದಕ್ಕೆ ನಾನು ಪಾಸ್‌ವರ್ಡುಗಳನ್ನು ನೆನಪಿಟ್ಟು ತಾನೇ ತುಂಬಿಸುವ ಆ್ಯಪ್, ಅಂದರೆ ಪಾಸ್‌ವರ್ಡ್ ಮ್ಯಾನೇಜರ್ ಹಿಡಿದೆ. ನೆನಪಿಟ್ಟುಕೊಳ್ಳುವ ಕಷ್ಟ ತಪ್ಪಿತು ಅನ್ನುವುದಕ್ಕಿಂತ ಹೆಚ್ಚಿನ ಲಾಭ ಇನ್ನೊಂದಿದೆ: ವಿಳಾಸ ಒಂದಕ್ಷರ ಬೇರೆ ಇದ್ದರೂ ಅದು ಪಾಸ್‌ವರ್ಡ್ ತುಂಬಿಸಿ ಕೊಡುವುದಿಲ್ಲ. ಅದು ಸುಮ್ನೆ ಕೂತರೆ ನಾನೂ ನಿಲ್ಲುತ್ತೇನೆ.

ಕಾಗುಣಿತ ತಪ್ಪಿದ್ದರೆ ಮೋಸ ಅನ್ನುತ್ತಾರಲ್ಲ, ಅದನ್ನು ನಾನು ಈಗ ಯಾರಿಗೂ ಹೇಳುವುದಿಲ್ಲ. ಎಐ ಬಂದ ಮೇಲೆ ಯಾವ ಭಾಷೆಯಲ್ಲಾದರೂ ಸರಿಯಾಗಿ ಬರೆಸಬಹುದು. ಅಷ್ಟೇ ಅಲ್ಲ, ಮೈಕ್ರೋಸಾಫ್ಟ್ ರಿಸರ್ಚ್‌ನ ಕಾರ್ಮಾಕ್ ಹರ್ಲಿ 2012ರಲ್ಲೇ ಒಂದು ಮಜಾ ವಾದ ಮುಂದಿಟ್ಟಿದ್ದರು: ಕೋಟಿಗಟ್ಟಲೆ ದುಡ್ಡು ಕೊಡುತ್ತೇವೆ ಅನ್ನುವ ಆ ಮೇಲ್‌ಗಳು ಅಷ್ಟೊಂದು ನಂಬಲಾಗದ ಹಾಗಿರುವುದೇ ಮೋಸಗಾರರಿಗೆ ಲಾಭ. ಅನುಮಾನ ಪಡುವವರು ಮೊದಲ ಸಾಲಿಗೇ ಬಿಟ್ಟು ಹೋಗುತ್ತಾರೆ, ಪೂರ್ತಿ ನಂಬುವವರು ಮಾತ್ರ ಉಳಿಯುತ್ತಾರೆ, ಮೋಸಗಾರರಿಗೆ ಶ್ರಮ ಉಳಿಯಿತು.

ದೂರದಿಂದ ಫೋನ್ ನೋಡುವ ಆ್ಯಪ್‌ಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಎನಿಡೆಸ್ಕ್, ಟೀಮ್‌ವ್ಯೂವರ್ ತಮ್ಮಷ್ಟಕ್ಕೆ ಒಳ್ಳೆಯವೇ. ಗೊತ್ತಿಲ್ಲದವರು ಫೋನ್ ಮಾಡಿ ಹಾಕಿಕೊಳ್ಳಿ ಅಂದರೆ ಮುಗಿಯಿತು, ಬೇಡ. ಪರದೆ ಹಂಚಿಕೊಂಡರೆ ಮೇಲಿಂದ ಇಳಿಯುವ ಒಟಿಪಿ ಅವರಿಗೂ ಕಾಣುತ್ತದೆ, ನೀವು ಬಾಯಿ ಬಿಡಬೇಕಾಗಿಯೇ ಇಲ್ಲ. ಚಾಟ್‌ನಲ್ಲಿ ಬಂದ ಎಪಿಕೆ ಫೈಲು ಇದಕ್ಕಿಂತ ಕೆಟ್ಟದು. ಆಮಂತ್ರಣ ಅಂತ ಇರಲಿ, ದಂಡದ ನೋಟಿಸ್ ಅಂತ ಇರಲಿ, ಓದುವ ಕಾಗದ ಎಪಿಕೆ ರೂಪದಲ್ಲಿ ಬರುವುದಿಲ್ಲ. ಅದು ಆ್ಯಪ್.

ಅಮ್ಮನಿಗೆ ಇದನ್ನೆಲ್ಲ ಹೇಳಲು ಹೋಗಿ ಸುಸ್ತಾದೆ. ಅವಳ ತೊಂದರೆಯೇ ಬೇರೆ. "ಪಾಪ ಕಣೇ, ಆ ಹುಡುಗ ಅಷ್ಟು ಮರ್ಯಾದೆಯಿಂದ ಮಾತಾಡ್ತಿದ್ದ, ಮಧ್ಯದಲ್ಲಿ ಹೇಗೆ ಇಡೋದು?" ಇದು ನನಗೆ ಹೊಳೆದೇ ಇರಲಿಲ್ಲ. ಹಿರಿಯರು ದಡ್ಡರಲ್ಲ, ಒರಟಾಗಲು ಅವರಿಗೆ ಮನಸ್ಸು ಬರುವುದಿಲ್ಲ. ಆಮೇಲೆ ಬುದ್ಧಿ ಹೇಳುವುದು ಬಿಟ್ಟು ಒಂದು ವಾಕ್ಯ ಕೊಟ್ಟೆ: "ದುಡ್ಡಿನ ವಿಷಯ ಎಲ್ಲಾ ನನ್ನ ಮಗಳೇ ನೋಡ್ಕೋತಾಳೆ, ಅವಳನ್ನ ಕೇಳಿ ಹೇಳ್ತೀನಪ್ಪಾ." ಇಷ್ಟು ಹೇಳಿ ಇಟ್ಟುಬಿಡು ಅಂದೆ. ಇದರಲ್ಲಿ ಯಾರಿಗೂ ಅವಮಾನ ಇಲ್ಲ. ಇನ್ನೊಂದು ಒಪ್ಪಂದ, ಏನಾದರೂ ಆದರೆ ನಾನು ಬೈಯುವುದಿಲ್ಲ ಅಂತ. ಇದು ಮುಖ್ಯ. ಬೈಗುಳಕ್ಕೆ ಹೆದರಿ ಜನ ಮುಚ್ಚಿಡುತ್ತಾರೆ, ಅಷ್ಟರಲ್ಲಿ ದುಡ್ಡು ನಾಲ್ಕು ಖಾತೆ ದಾಟಿರುತ್ತದೆ.

ದನಿ ನಕಲು ಮಾಡುವುದೂ ಬಂದಿದೆ. ಸ್ವಲ್ಪ ಹೊತ್ತಿನ ರೆಕಾರ್ಡಿಂಗ್ ಇದ್ದರೆ ಸಾಕು. 2024ರ ಫೆಬ್ರವರಿಯಲ್ಲಿ ಹಾಂಗ್ ಕಾಂಗ್ ಪೊಲೀಸರು ಹೇಳಿದ ಪ್ರಕರಣದಲ್ಲಿ ಒಂದು ಕಂಪನಿಯ ಉದ್ಯೋಗಿ ವಿಡಿಯೋ ಮೀಟಿಂಗಿನಲ್ಲಿ ಕೂತು ಸುಮಾರು 20 ಕೋಟಿ ಹಾಂಗ್ ಕಾಂಗ್ ಡಾಲರ್ ಕಳಿಸಿದ್ದರು. ಆ ಮೀಟಿಂಗಿನಲ್ಲಿ ಕಂಡ ಹಣಕಾಸು ಮುಖ್ಯಸ್ಥರು ನಕಲಿ, ಸಹೋದ್ಯೋಗಿಗಳೂ ನಕಲಿ. ಇದನ್ನು ಓದಿದ ಮೇಲೆ ನಮ್ಮ ಆಫೀಸಿನಲ್ಲಿ ನಿಯಮ ಬಿಗಿ ಮಾಡಿಸಿದೆ. ಯಾವ ಸರಬರಾಜುದಾರರದ್ದೇ ಆಗಲಿ, ಬ್ಯಾಂಕ್ ಖಾತೆ ಬದಲಾಗಿದೆ ಅಂತ ಮೇಲ್ ಬಂದರೆ, ನಮ್ಮ ಹಳೆಯ ಕಡತದಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳದೆ ಬದಲಾಯಿಸುವ ಹಾಗಿಲ್ಲ. ಆ ಮೇಲ್‌ನ ಕೆಳಗೇ ಕೊಟ್ಟಿರುವ ನಂಬರಿಗೆ ಮಾಡಿ ಪ್ರಯೋಜನವಿಲ್ಲ, ಅದನ್ನು ಎತ್ತುವವನೂ ಅವನೇ. ಮನೆಯಲ್ಲಿ ಒಂದು ಗುಟ್ಟಿನ ಪ್ರಶ್ನೆ ಇಟ್ಟುಕೊಂಡಿದ್ದೇವೆ. "ಅಪಘಾತ ಆಗಿದೆ, ದುಡ್ಡು ಕಳಿಸು" ಅಂತ ಮಗನ ದನಿಯಲ್ಲೇ ಬಂದರೂ ಮೊದಲು ಆ ಪ್ರಶ್ನೆ. ಮಗ ಇದನ್ನು ಕೇಳಿ ನಕ್ಕ, ಆದರೆ ಉತ್ತರ ನೆನಪಿಟ್ಟುಕೊಂಡಿದ್ದಾನೆ.

ಹೂಡಿಕೆ ಮೋಸದಲ್ಲಿ ಆತುರ ಇರುವುದಿಲ್ಲ, ಅದಕ್ಕೇ ಅದು ಕಷ್ಟ. ವಾರಗಟ್ಟಲೆ ಸ್ನೇಹದಿಂದ ಮಾತಾಡುತ್ತಾರೆ. ಮೊದಲು ಸ್ವಲ್ಪ ಹಾಕಿಸಿ, ಲಾಭ ತೋರಿಸಿ, ವಾಪಸ್ ತೆಗೆಯಲೂ ಬಿಡುತ್ತಾರೆ. ವಾಪಸ್ ಬಂದ ಆ ಸ್ವಲ್ಪ ದುಡ್ಡೇ ಗಾಳ. ವಿಡಿಯೋ ಲೈಕ್ ಮಾಡಿದರೆ ಸಂಬಳ ಅನ್ನುವ ಕೆಲಸಗಳದ್ದೂ ಇದೇ ದಾರಿ. ಆ್ಯಪ್‌ನಲ್ಲಿ ಕಾಣುವ ಲಾಭ ಬರೀ ಅವರು ಟೈಪ್ ಮಾಡಿದ ಅಂಕಿ. ಪೂರ್ತಿ ತೆಗೆಯಲು ಹೋದಾಗ "ಮೊದಲು ತೆರಿಗೆ ಕಟ್ಟಿ" ಅನ್ನುತ್ತಾರೆ. ನನ್ನ ದುಡ್ಡನ್ನು ನನಗೆ ಕೊಡಲು ಇನ್ನಷ್ಟು ದುಡ್ಡು ಕೇಳಿದರೆ ಒಳಗೆ ಏನೂ ಇಲ್ಲ ಅಂತಲೇ ತಿಳಿಯಬೇಕು. ಹೊಸದೇನಲ್ಲ ಇದು. ಜೈಲಲ್ಲಿರುವ ಶ್ರೀಮಂತನನ್ನು ಬಿಡಿಸಲು ನೆರವಾದರೆ ಪಾಲು ಕೊಡುತ್ತೇವೆ ಅನ್ನುವ 'ಸ್ಪ್ಯಾನಿಷ್ ಕೈದಿ' ಪತ್ರಗಳು 19ನೇ ಶತಮಾನದಲ್ಲೇ ಓಡಾಡುತ್ತಿದ್ದವು.

ನನ್ನ ಫೋನಿನಲ್ಲಿ ಮಾಡಿಕೊಂಡಿರುವ ಏರ್ಪಾಡು ಇಷ್ಟು. ಲಾಕ್ ಆದ ಪರದೆಯ ಮೇಲೆ ಮೆಸೇಜಿನ ಒಳಗಿನ ಮಾತು ಕಾಣುವುದಿಲ್ಲ. ಆನ್‌ಲೈನ್ ಖರ್ಚಿಗೆ ಬೇರೆಯದೇ ಖಾತೆ, ಅದರಲ್ಲಿ ಬೇಕಾದಷ್ಟು ಮಾತ್ರ ಇಡುತ್ತೇನೆ. ಉಳಿತಾಯದ ಖಾತೆ ಫೋನಿಗೆ ಅಂಟಿಕೊಂಡೇ ಇಲ್ಲ. ದಿನದ ಪಾವತಿ ಮಿತಿಯನ್ನು ಇಳಿಸಿದ್ದೇನೆ, ದೊಡ್ಡದೇನಾದರೂ ಇದ್ದಾಗ ಏರಿಸುತ್ತೇನೆ. ಸ್ವಲ್ಪ ಕಿರಿಕಿರಿ, ಆದರೆ ಆ ಕಿರಿಕಿರಿಯೇ ಬೇಕಾಗಿರುವುದು. ಮುಖ್ಯ ಇಮೇಲ್‌ಗೆ ಎಸ್ಸೆಮ್ಮೆಸ್ ಕೋಡ್ ಬದಲು ಫೋನಿನೊಳಗೇ ಕೋಡ್ ತಯಾರಿಸುವ ಅಥೆಂಟಿಕೇಟರ್ ಆ್ಯಪ್. ಯಾಕೆಂದರೆ ನಮ್ಮ ಹೆಸರಲ್ಲಿ ಇನ್ನೊಂದು ಸಿಮ್ ತೆಗೆದರೆ ಎಸ್ಸೆಮ್ಮೆಸ್ ಎಲ್ಲಾ ಅವರಿಗೇ ಹೋಗುತ್ತದೆ. 2019ರಲ್ಲಿ ಟ್ವಿಟರ್‌ನ ಮುಖ್ಯಸ್ಥರಾಗಿದ್ದ ಜಾಕ್ ಡಾರ್ಸಿ ಅವರ ಖಾತೆಯಿಂದಲೇ ಬೇರೆಯವರು ಬರೆದದ್ದು ಹೀಗೆ ನಂಬರ್ ಕದ್ದು. ಎಲ್ಲರ ಫೋನಲ್ಲೂ ಸಿಗ್ನಲ್ ಇದ್ದು ನನ್ನದರಲ್ಲಿ ಮಾತ್ರ ಕಾರಣವಿಲ್ಲದೆ ಹೋದರೆ, ನಾನು ಕಾಯುವುದಿಲ್ಲ, ಇನ್ನೊಂದು ಫೋನಿನಿಂದ ಸಿಮ್ ಕಂಪನಿಗೆ ಮಾಡುತ್ತೇನೆ.

ದುಡ್ಡು ಹೋಗಿಯೇ ಬಿಟ್ಟಿದ್ದರೆ ಕ್ರಮ ಹೀಗೆ. ಮೊದಲು ಬ್ಯಾಂಕಿಗೆ, ಬೇರೆ ಫೋನಿನಿಂದ. ಕಾರ್ಡ್, ಖಾತೆ ತಡೆಹಿಡಿಸಬೇಕು, ದೂರಿನ ನಂಬರ್ ಬರೆದುಕೊಳ್ಳಬೇಕು. ನಂತರ ನಿಮ್ಮ ದೇಶದ ಸೈಬರ್ ಅಪರಾಧ ಸಹಾಯವಾಣಿಗೆ. ಆ ನಂಬರನ್ನು ಇವತ್ತೇ ಸೇವ್ ಮಾಡಿಡಿ, ಆ ಹೊತ್ತಿನಲ್ಲಿ ಹುಡುಕುವ ಸ್ಥಿತಿ ಇರುವುದಿಲ್ಲ, ಗೂಗಲ್‌ನಲ್ಲಿ ಹುಡುಕಿದರೆ ಸಿಗುವ ಕಸ್ಟಮರ್ ಕೇರ್ ನಂಬರುಗಳಲ್ಲೇ ಎಷ್ಟೋ ನಕಲಿ. ಅನುಮಾನದ ಆ್ಯಪ್ ಹಾಕಿದ್ದರೆ ಆ ಫೋನಿನ ಇಂಟರ್ನೆಟ್ ಆರಿಸಿ, ಪಾಸ್‌ವರ್ಡುಗಳನ್ನು ಇನ್ನೊಂದು ಸಾಧನದಿಂದ ಬದಲಾಯಿಸಿ. ಚಾಟ್ ಅಳಿಸಬೇಡಿ, ಸಿಟ್ಟಿಗೆ ಬ್ಲಾಕ್ ಮಾಡುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಇಷ್ಟಾದ ಮೇಲೆ ಕೆಲವು ದಿನಕ್ಕೋ ಕೆಲವು ತಿಂಗಳಿಗೋ "ನಿಮ್ಮ ಹೋದ ದುಡ್ಡು ವಾಪಸ್ ಕೊಡಿಸ್ತೀವಿ, ಸ್ವಲ್ಪ ಶುಲ್ಕ ಆಗುತ್ತೆ" ಅಂತ ಒಬ್ಬರು ಬರಬಹುದು. ವಕೀಲರು ಅನ್ನುತ್ತಾರೆ, ಅಧಿಕಾರಿ ಅನ್ನುತ್ತಾರೆ, ನಿಮ್ಮ ದೂರಿನ ವಿವರವೂ ಅವರ ಹತ್ತಿರ ಇರುತ್ತದೆ. ಒಮ್ಮೆ ಮೋಸ ಹೋದವರ ಪಟ್ಟಿಯನ್ನು ಇವರು ಒಬ್ಬರಿಗೊಬ್ಬರು ಮಾರಿಕೊಳ್ಳುತ್ತಾರೆ. ಅವರಿಗೂ ಒಂದು ಪೈಸೆ ಕೊಡಬೇಡಿ, ಆ ಕರೆಯ ವಿವರವನ್ನೂ ಅದೇ ದೂರಿಗೆ ಸೇರಿಸಿ.