ಎಂಟನೇ ಕ್ಲಾಸಿನ ಮಾರ್ಕ್ಸ್ ಯಾರು ಕೇಳ್ತಾರೆ ಸಾರ್?

ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುವ ನನಗೆ ಪ್ರತಿ ಜೂನ್‌ನಲ್ಲೂ ಈ ಮಾತು ಕಿವಿಗೆ ಬೀಳುತ್ತದೆ. ಪೋಷಕರ ಲೆಕ್ಕದಲ್ಲಿ ಪರೀಕ್ಷೆ ಅಂದರೆ ಎಸ್ಸೆಸ್ಸೆಲ್ಸಿ ಒಂದೇ. ಅದಕ್ಕಿನ್ನೂ ಬೇಕಾದಷ್ಟು ಟೈಮಿದೆ, ಈಗಲೇ ಯಾಕೆ ಮಗೂನ ಗೋಳು ಹುಯ್ಕೊಳ್ಳೋದು ಅನ್ನುತ್ತಾರೆ.

ನಾನು ವಾದಕ್ಕೆ ಇಳಿಯುವುದಿಲ್ಲ. 2021ರ ಕತೆ ಹೇಳುತ್ತೇನೆ. ಕೋವಿಡ್‌ನಿಂದಾಗಿ ಆ ವರ್ಷ ದ್ವಿತೀಯ ಪಿಯು ಪರೀಕ್ಷೆ ರದ್ದಾಯಿತು. ಫಲಿತಾಂಶಕ್ಕೆ ಎಸ್ಸೆಸ್ಸೆಲ್ಸಿಯಿಂದ ಶೇ. 45, ಪ್ರಥಮ ಪಿಯುವಿನಿಂದ ಶೇ. 45, ಆಂತರಿಕ ಅಂಕಗಳಿಂದ ಶೇ. 10 ತೆಗೆದುಕೊಂಡರು. ‘ಫಸ್ಟ್ ಪಿಯು ತಾನೇ, ಪಾಸಾದ್ರೆ ಸಾಕು’ ಅಂತಿದ್ದವರು ಪೆಚ್ಚಾದರು. ಇಂಥದ್ದು ವರ್ಷ ವರ್ಷ ಆಗುವುದಿಲ್ಲ, ನಿಜ. ಆದರೂ ಪೋಷಕರು ಕಿವಿಗೊಡುತ್ತಾರೆ.

ನನ್ನ ಕಾರಣ ಬೇರೆ. ಹತ್ತನೇ ತರಗತಿಯ ವರ್ಗ ಸಮೀಕರಣದಲ್ಲಿ ಮಕ್ಕಳು ಎಡವುವುದು ಅಪವರ್ತಿಸುವ ಕಡೆ. ಅದು ಎಂಟನೇ ತರಗತಿಯ ಪಾಠ. ಕೆದಕುತ್ತಾ ಹೋದರೆ ಋಣ ಸಂಖ್ಯೆ ಕೂಡುವುದರಲ್ಲೇ ತೊಡಕು. ಹತ್ತಕ್ಕೆ ಬಂದ ಮೇಲೆ ಅದನ್ನು ಹೇಳಿಕೊಡಲು ನನಗೂ ಟೈಮಿಲ್ಲ, ಕೇಳಲು ಅವರಿಗೂ ನಾಚಿಕೆ.

ಹಾಗಾಗಿ ವರ್ಷದ ಶುರುವಿನಲ್ಲಿ ಹಿಂದಿನ ಪಾಠ ನೆನಪಿಸುವ ಸೇತುಬಂಧವನ್ನು ಕಾಟಾಚಾರಕ್ಕೆ ಮುಗಿಸುವುದಿಲ್ಲ. ಯಾರಿಗೆ ಮಗ್ಗಿ ಬರಲ್ಲ, ಯಾರಿಗೆ ಭಿನ್ನರಾಶಿ ಬರಲ್ಲ ಅಂತ ಪೂರ್ವ ಪರೀಕ್ಷೆ ನೋಡಿ ಹೆಸರಿನ ಮುಂದೆ ಬರೆದಿಟ್ಟುಕೊಳ್ಳುತ್ತೇನೆ. ಆಮೇಲೆ ಮೊದಲ ಎಫ್‌ಎ, ಅಂದರೆ ವರ್ಷದ ನಡುವೆ ನಡೆಯುವ ರೂಪಣಾತ್ಮಕ ಪರೀಕ್ಷೆ. ಪೇಪರ್ ಕೈಗೆ ಬಂತು ಅಂದರೆ ಮಾರ್ಕ್ಸ್ ನೋಡಿ, ಮಡಚಿ ಬ್ಯಾಗಿಗೆ ತುರುಕುವುದು ಮಕ್ಕಳ ಅಭ್ಯಾಸ. ನನ್ನ ಕ್ಲಾಸಲ್ಲಿ ತಪ್ಪಿದ ಲೆಕ್ಕವನ್ನು ಬೇರೆ ನೋಟ್‌ಬುಕ್ಕಿನಲ್ಲಿ ಮತ್ತೆ ಮಾಡಿ, ಎಲ್ಲಿ ತಪ್ಪಿತು ಅಂತ ಒಂದು ಸಾಲು ಬರೆಯಬೇಕು. ‘ಬ್ರಾಕೆಟ್ ಬಿಡಿಸುವಾಗ ಮೈನಸ್ ಮರೆತೆ’ ಅಂದರೆ ಸಾಕು. ಸುಮ್ನೆ ‘ಅರ್ಥ ಆಗಿಲ್ಲ’ ಅಂದರೆ ಒಪ್ಪುವುದಿಲ್ಲ. ಎಲ್ಲಿಂದ ಅರ್ಥ ಆಗಲಿಲ್ಲ ಅಂತ ಬೆರಳಿಟ್ಟು ತೋರಿಸಬೇಕು. ಮುಂದಿನ ಎಫ್‌ಎಗೆ ಅದೇ ನೋಟ್‌ಬುಕ್ಕಿನ ಒಂದೆರಡು ಲೆಕ್ಕಗಳನ್ನು ಅಂಕಿ ಬದಲಿಸಿ ಕೇಳುತ್ತೇನೆ. ಹಿಂದಿನ ಬೆಂಚಿನವರ ಮಾರ್ಕ್ಸ್ ಏರಲು ಶುರುವಾಗುವುದು ಇಲ್ಲೇ. ಒಮ್ಮೆ ಏರಿತು ಅಂದರೆ ಹುಡುಗ ತಾನಾಗಿಯೇ ಮುಂದಿನ ಬೆಂಚಿಗೆ ಬರುತ್ತಾನೆ. ಪಕ್ಕದವಳನ್ನು ತೋರಿಸಿ ಬೈದರೆ ಇದಾಗಲ್ಲ ಬಿಡಿ.

ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕೆ ನಡೆಯುವ ಎನ್‌ಎಂಎಂಎಸ್ ಪರೀಕ್ಷೆ ಬರುವುದೂ ಎಂಟರಲ್ಲೇ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಇದು. ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಿರಬಾರದು. ಏಳರಲ್ಲಿ ಶೇ. 55 ಬಂದಿರಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 50. ಬೌದ್ಧಿಕ ಸಾಮರ್ಥ್ಯ ನೋಡುವ ಎಂಎಟಿ, ಪಾಠದ ಕಲಿಕೆ ನೋಡುವ ಎಸ್‌ಎಟಿ ಎಂದು ಎರಡು ಪೇಪರ್, ತಲಾ 90 ಪ್ರಶ್ನೆ. ಎಸ್‌ಎಟಿಯಲ್ಲಿ ಕೇಳುವುದು ಏಳು, ಎಂಟನೇ ತರಗತಿಯ ಗಣಿತ, ವಿಜ್ಞಾನ, ಸಮಾಜವನ್ನೇ. ಕ್ಲಾಸಿನಲ್ಲಿ ಚೆನ್ನಾಗಿ ಮಾಡುವ ಮಗುವಿಗೆ ಅರ್ಧ ತಯಾರಿ ಆಗಿಯೇ ಇರುತ್ತದೆ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ. ಒಟ್ಟು 48,000 ಅಂದಕೂಡಲೇ ಪೋಷಕರ ಸಭೆಯಲ್ಲಿ ತೂಕಡಿಸುತ್ತಿದ್ದವರೂ ನೆಟ್ಟಗೆ ಕೂರುತ್ತಾರೆ!

ಕಾಗದಪತ್ರದ ಮಾತನ್ನೂ ಅದೇ ಸಭೆಯಲ್ಲಿ ಎತ್ತುತ್ತೇನೆ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಮೊದಲೇ ಅರ್ಜಿ ಹಾಕಿ, ಮಗುವಿನ ಹೆಸರು ಆಧಾರ್‌ನಲ್ಲಿ, ಶಾಲೆಯ ದಾಖಲಾತಿಯಲ್ಲಿ, ಪಾಸ್‌ಬುಕ್ಕಿನಲ್ಲಿ ಒಂದೇ ಥರ ಇದೆಯಾ ನೋಡಿ ಅನ್ನುತ್ತೇನೆ. ಪರೀಕ್ಷೆಯಲ್ಲಿ ಗೆದ್ದ ಮಗುವಿನ ದುಡ್ಡು ಒಂದು ಇನಿಷಿಯಲ್‌ಗಾಗಿ ನಿಂತುಹೋಗಿದ್ದನ್ನು ನೋಡಿದ್ದೇನೆ.